ತೊಗಲು ಹೊದ್ದ ಮರಿ

ಬಚ್ಚಲಲ್ಲಿ ಶೇವಂತಿ ಲೋಟ ತೊಳೆಯುತ್ತಿದ್ದಳು. ಅದೇ ಲೋಟವನ್ನು ವೈಶಾಲಿ ಆಗಷ್ಟೇ ತಿಕ್ಕಿ, ತೊಳೆದು, ಒರೆಸಿ, ನೀರು ತುಂಬಿಸಿ ಅವಳ ಕೈಗೆ ಕೊಟ್ಟಿದ್ದಳು. ಹುಡುಗಿ ಅದನ್ನು ಎರಡೂ ಕೈಯಿಂದ ಇಸಿದುಕೊಂಡು, ನೀರನ್ನು ಬಚ್ಚಲಿಗೆ ಚೆಲ್ಲಿ, ಒಳಗೂ ಹೊರಗೂ ಬೆರಳಾಡಿಸಿ ತೊಳೆದು, ಕೊಡದಿಂದ ತಾನೇ ನೀರು ತೆಗೆದುಕೊಂಡು ಕುಡಿದಳು. ಸಿಟ್ಟಿಲ್ಲ, ಸೆಡವಿಲ್ಲ. ದೊಡ್ಡವರು ದೇವರ ಮುಂದೆ ಕೂರುವ ಮೊದಲು ಕಾಲು ತೊಳೆಯುವಷ್ಟು ಸಹಜವಾಗಿ ಮಾಡುತ್ತಿದ್ದಳು. ಸಿಟ್ಟಿದ್ದಿದ್ದರೆ ಅದಕ್ಕೊಂದು ಉತ್ತರ ಹುಡುಕಬಹುದಿತ್ತು ಎಂದು ವೈಶಾಲಿಗೆ ಎಷ್ಟೋ ಸಲ ಅನ್ನಿಸಿದೆ. ಏಳು ವರ್ಷದ ಮಗು ತನ್ನನ್ನು ಬೈಯುವುದಿಲ್ಲ, ಅಳುವುದಿಲ್ಲ, ಓಡಿಹೋಗುವುದಿಲ್ಲ. ಹೇಳಿದ ಮಾತು ಕೇಳುತ್ತದೆ, ಕೊಟ್ಟದ್ದರಲ್ಲಿ ಅರ್ಧ ತಿನ್ನುತ್ತದೆ, ಲೋಟ ಮಾತ್ರ ತೊಳೆಯುತ್ತದೆ. ಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳಿಕೊಡುವಾಗ, ಸುಟ್ಟಗಾಯಕ್ಕೆ ಬೇರೆಯವರ ಚರ್ಮ ಹಚ್ಚಿದರೆ ದೇಹ ಕೆಲವು ದಿನ ಒಪ್ಪಿದಂತೆ ಕಂಡು ಆಮೇಲೆ ಅದನ್ನು ಕಳಚಿಬಿಡುತ್ತದೆ ಎಂದು ಹೇಳುತ್ತ ಹೇಳುತ್ತ ಅವಳು ಒಮ್ಮೆ ಮಾತು ನಿಲ್ಲಿಸಿದ್ದಳು. ಸೀಮೆಸುಣ್ಣದ ಕಡ್ಡಿ ಕೈಯಲ್ಲೇ ಇತ್ತು. ಕಿವಿಯಲ್ಲಿ ಬಚ್ಚಲಿನ ಆ ಸಣ್ಣ ಸದ್ದು, ಸ್ಟೀಲಿನ ಮೇಲೆ ಪುಟ್ಟ ಬೆರಳು ತಿರುಗುವ ಕೀಚು ಸದ್ದು. ಮಕ್ಕಳು ಟೀಚರಿಗೆ ತಲೆ ತಿರುಗಿರಬೇಕೆಂದು ಕುರ್ಚಿ ತಂದಿದ್ದರು.

ಇವತ್ತು ಭಾನುವಾರ. ಶೇವಂತಿಯನ್ನು ತುಬಚಿಗೆ ಕರೆದುಕೊಂಡು ಹೋಗಿ ಅವಳ ಆಯಿಯ ಹತ್ತಿರ ಬಿಟ್ಟು, ಸಂಜೆಯ ಬಸ್ಸಿಗೆ ಒಬ್ಬಳೇ ಮುಧೋಳಕ್ಕೆ ಮರಳಬೇಕು. ಆಯಿ ಅಂದರೆ ವೈಶಾಲಿಯ ತಾಯಿ ಸೋಮವ್ವನೇ. ಶೇವಂತಿಯ ಹೆತ್ತವ್ವ, ತೀರಿಹೋದ ರಂಜನಾಳ ತಾಯಿಯೂ ಅವಳೇ. ಗಂಡ ದುಂಡೇಶ ಈ ಮಾತು ತೆಗೆದದ್ದು ಮೊನ್ನೆ, ಊಟಕ್ಕೆ ಕೂತಾಗ. ಕಬ್ಬಿನ ಹಂಗಾಮು ಶುರುವಾಗಿ ಅವನು ಕೆಲಸ ಮಾಡುವ ಕಾರ್ಖಾನೆಯ ತೂಕದ ಕಾಟಾದ ಮುಂದೆ ಟ್ರ್ಯಾಕ್ಟರುಗಳು ಸಾಲು ನಿಂತಾಗಿನಿಂದ ಅವನು ಮನೆಗೆ ಬರುವುದೇ ನಿದ್ದೆಗೆ. ರೊಟ್ಟಿ ಮುರಿಯುತ್ತ, ತಟ್ಟೆಯನ್ನೇ ನೋಡುತ್ತ ಹೇಳಿದ್ದ: "ಅಕಿ ಭಾಳ ಸೊರಗ್ಯಾಳ. ಸ್ವಲ್ಪ ದಿನ ಆಯಿ ಹಂತ್ಯಾಕ ಇರ್ಲಿ. ಮುಂದಿನ ವರ್ಷ ಸಾಲೀನೂ ಅಲ್ಲೇ ನೋಡೂಣು. ನಿನಗೂ ಹಗರ ಆಗತೈತಿ." 'ಹಗರ' ಎಂಬ ಆ ಮಾತು ಅವನ ಬಾಯಿಂದ ಬರುವ ಮೊದಲೇ ವೈಶಾಲಿಯ ಮೈಯಲ್ಲಿ ಬಂದುಹೋಗಿತ್ತು. ತಲೆಯ ಮೇಲಿನ ಕೊಡವನ್ನು ಯಾರೋ ಇಳಿಸಿದ ಹಾಗೆ. ಆಮೇಲೆ ನಾಚಿಕೆಯಾಯಿತು. ಆದರೆ ಮೊದಲು ಬಂದದ್ದು ಯಾವುದು ಎಂದು ಅವಳಿಗೆ ಗೊತ್ತು. ಅಕ್ಕ ಸತ್ತ ದಿನವೂ ಹಾಗೇ ಆಗಿತ್ತು. ಧಾರವಾಡದ ಹಾಸ್ಟೆಲಿನಲ್ಲಿ, ಮೆಟ್ಟಿಲ ಕೆಳಗಿನ ಫೋನಿನಲ್ಲಿ, ಅಪ್ಪ ಏರಿಳಿತವಿಲ್ಲದ ದನಿಯಲ್ಲಿ ರಂಜನಾ ಹೋದಳು ಎಂದಾಗ, ಅಳು ಬರುವ ಮೊದಲು ಒಂದು ಯೋಚನೆ ಬಂದಿತ್ತು: ಇನ್ನು ಎಲ್ಲರೂ ನನ್ನ ಕಡೆ ನೋಡುತ್ತಾರೆ. ಆ ಯೋಚನೆಯನ್ನು ಯಾರಿಗೂ ಹೇಳಿಲ್ಲ. ನೋಡಿದ್ದೂ ಹಾಗೇ. ಅಕ್ಕನ ಗಂಡನಿಗೆ ಅವಳನ್ನೇ ಕೊಡುವ ಮಾತಿಗೆ ತುಬಚಿಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಹಿರಿಯರು ಕೂತಿದ್ದರು. ಸೋದರಮಾವ ಮುರಗೆಪ್ಪ, "ಏನವಾ ತಂಗಿ, ನಿಂದು ಒಪ್ಪಿಗಿ ಐತಿಲ್ಲ?" ಎಂದು ಕೇಳಿದ. ಕೇಳುವ ಹೊತ್ತಿಗೆ ಅವನ ಕೈ ಸಕ್ಕರೆಯ ಪೊಟ್ಟಣದ ದಾರ ಬಿಚ್ಚುತ್ತಿತ್ತು. ಶೇವಂತಿ ಆಗ ದುಂಡೇಶನ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು, ತುಟಿಯ ಮೇಲೊಂದು ನೊಣ. ವೈಶಾಲಿ ಆ ನೊಣವನ್ನೇ ನೋಡುತ್ತಿದ್ದಳು. ಯಾರೋ ಅದನ್ನು ಓಡಿಸಲಿ ಎಂದು ಕಾಯುತ್ತಿದ್ದಾಗ ಸಕ್ಕರೆ ಹಂಚಿದರು.

ಚೀಲದಲ್ಲಿ ಹುಡುಗಿಯ ಅಂಗಿಗಳನ್ನು ಮಡಚಿಟ್ಟು ವೈಶಾಲಿ ಸ್ನಾನಕ್ಕೆ ಹೋದಳು. ಗಂಧದ ಸಾಬೂನು ಹಚ್ಚಿಕೊಂಡಳು. ಅದು ರಂಜನಾಳ ಸಾಬೂನು. ಅಂದರೆ ರಂಜನಾ ಹಚ್ಚುತ್ತಿದ್ದ ಜಾತಿಯದು. ತಲೆಗೆ ರಂಜನಾಳ ಹಾಗೆ ಬ್ರಾಹ್ಮಿ ಎಣ್ಣೆ. ಉಟ್ಟದ್ದು ರಂಜನಾಳ ಇಳಕಲ್ ಸೀರೆ. ಮದುವೆಯಾದ ವಾರವೇ ಸೋಮವ್ವ ಸತ್ತವಳ ಸೀರೆಗಳನ್ನೆಲ್ಲ ಒಗೆದು, ಮಡಚಿ, ಗಂಟು ಕಟ್ಟಿ ಕಳಿಸಿದ್ದಳು. ಜೊತೆಗೆ ಬೆರಳುಗುರಿನಷ್ಟು ಬೆಳ್ಳಿಯ ಬಿಲ್ಲೆ. ಮೇಲೆ ಹೆಣ್ಣಿನ ಆಕಾರ ಕೊರೆದದ್ದು. ಎರಡನೆಯವಳಾಗಿ ಬಂದವಳು ಮೊದಲಿನವಳ ಗುರುತನ್ನು ಕೊರಳಲ್ಲಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹೋದವಳು ಕಾಡುತ್ತಾಳೆ. ಅಕ್ಕ ಯಾಕೆ ಕಾಡುತ್ತಾಳೆ ಎಂದು ವೈಶಾಲಿ ಕೇಳಲಿಲ್ಲ, ತಾಳಿಯ ಪಕ್ಕದಲ್ಲಿ ಅದನ್ನೂ ಹಾಕಿಕೊಂಡಳು. ಸೀರೆ, ಬಿಲ್ಲೆ ತಾಯಿಯವು. ಸಾಬೂನು, ಎಣ್ಣೆ ಮಾತ್ರ ಅವಳದೇ ವಿಚಾರ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳಿಗಲ್ಲದೆ ಬೇರೆಯವರಿಗೆ ಹೊಳೆಯಲಾರದ ವಿಚಾರ. ಈದ ಕುರಿಯ ಮರಿ ಸತ್ತರೆ ಅಪ್ಪ ಆ ಸತ್ತ ಮರಿಯ ತೊಗಲು ಬಿಡಿಸಿ, ತಾಯಿಯಿಲ್ಲದ ಇನ್ನೊಂದು ಮರಿಗೆ ಹೊದಿಸಿ ಕಟ್ಟುತ್ತಿದ್ದ. ಕುರಿ ಮೂಸಿ ನೋಡಿ, ತನ್ನದೇ ಎಂದುಕೊಂಡು ಹಾಲು ಬಿಡುತ್ತಿತ್ತು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ ಇದನ್ನು ವಿವರಿಸಿ ಅವಳು ಪರೀಕ್ಷಕರಿಂದ ಶಹಬ್ಬಾಸ್ ಎನ್ನಿಸಿಕೊಂಡಿದ್ದಳು. ಈದ ಮೇಲಿನ ಒಂದೆರಡು ತಾಸಿನಲ್ಲಿ ವಾಸನೆ ತಾಯಿಯ ಮಿದುಳಿನಲ್ಲಿ ಅಚ್ಚಾಗುತ್ತದೆ, ಆಮೇಲೆ ಆ ವಾಸನೆಯೇ ಬಾಗಿಲಿನ ಕೀಲಿ. ಕೀಲಿ ಇದ್ದರೆ ಬಾಗಿಲು ತೆರೆಯಲೇಬೇಕು. ಎರಡು ವರ್ಷದಿಂದ ಅವಳು ದಿನವೂ ಮುಂಜಾನೆ ಆ ಕೀಲಿಯನ್ನು ಮೈಗೆಲ್ಲ ತಿಕ್ಕಿಕೊಳ್ಳುತ್ತಿದ್ದಳು.

ಬಸ್ಸು ಊರು ದಾಟುವಷ್ಟರಲ್ಲೇ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಶೇವಂತಿ ಕಿಟಕಿಯ ಪಕ್ಕ ಕೂತು ಟ್ರೇಲರಿನಿಂದ ಜೋತುಬಿದ್ದ ಕಬ್ಬಿನ ಗಳಗಳನ್ನು ನೋಡುತ್ತಿದ್ದಳು. ಇಬ್ಬರ ನಡುವೆ ಚೀಲವನ್ನು ಅವಳೇ ಇಟ್ಟುಕೊಂಡಿದ್ದಳು. ಕಂಡಕ್ಟರ್ ಬಂದ. "ಜಮಖಂಡಿ ಒಂದು, ಮಗಳಿಗೆ ಅರ್ಧಾ. ಹೌದಲ್ರೀ ಅಕ್ಕಾರ?" ವೈಶಾಲಿ ತಲೆ ಆಡಿಸುವಷ್ಟರಲ್ಲಿ ಹುಡುಗಿ ಕಿಟಕಿಯಿಂದ ಮುಖ ತಿರುಗಿಸಿ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: "ನಾ ಇಕಿ ಮಗಳಲ್ಲ."

ಕಂಡಕ್ಟರ್‌ನ ಕೈ ಚೀಟಿ ಹರಿಯುತ್ತ ನಿಂತಿತು. ಮುಂದಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಪೂರ್ತಿ ಹೊರಳಿ ಕೂತಳು. "ಮತ್ತ ಯಾರವಾ ಇಕಿ ನಿನಗ?"

ಶೇವಂತಿ ಯೋಚಿಸಿದಳು. ಸುಳ್ಳು ಹೇಳಬಾರದೆಂಬ ಎಚ್ಚರ ಆ ಮುಖದಲ್ಲಿ ಕಾಣುತ್ತಿತ್ತು. "ನಮ್ಮ ಮನ್ಯಾಗ ಇರತಾಳ" ಎಂದಳು.

"ಅಯ್ ಶಿವನ, ಬಾಡಿಗಿಗೆ ಅದಾಳೇನು?" ಎಂದಳು ಹೆಂಗಸು. ಹಿಂದೆ ಯಾರೋ ನಕ್ಕರು. ಕಂಡಕ್ಟರ್ ವೈಶಾಲಿಯ ಮುಖವನ್ನೊಮ್ಮೆ, ಹುಡುಗಿಯ ಮುಖವನ್ನೊಮ್ಮೆ ನೋಡಿದ. ಮೂಗು, ಹಣೆ, ಹುಬ್ಬು ಒಂದೇ ಎರಕ. "ಮೂಗ ನೋಡಿದ್ರ ಗೊತ್ತಾಗತೈತಿ ಬಿಡ್ರಿ" ಎಂದು ತಾನೇ ತೀರ್ಮಾನ ಹೇಳಿ ಮುಂದೆ ಹೋದ. ವೈಶಾಲಿ ನಕ್ಕಳು. ನಗಲೇಬೇಕಾಗಿತ್ತು. ನಕ್ಕದ್ದರಿಂದ ಮುಖದ ಚರ್ಮ ಬಿಗಿದುಕೊಂಡದ್ದು ಎಷ್ಟೋ ಹೊತ್ತು ಸಡಿಲಾಗಲಿಲ್ಲ. ಮೂಗು ಒಂದೇ, ಹೌದು. ಅದೇ ತೊಂದರೆ. ಬೇರೆ ಊರಿನಿಂದ ಬೇರೆ ಮೂಗಿನ ಹೆಂಗಸು ಬಂದಿದ್ದರೆ ಈ ಹುಡುಗಿ ಏನು ಮಾಡುತ್ತಿದ್ದಳೋ. ಸ್ಟಾಫ್ ರೂಮಿನಲ್ಲಿ ಮನಃಶಾಸ್ತ್ರ ಓದಿದ ಸಹೋದ್ಯೋಗಿಯೊಬ್ಬರು, ಮಗು ತಾಯಿಯ ಸಾವನ್ನು ಒಪ್ಪಿಕೊಂಡಿಲ್ಲ, ಒಪ್ಪಿಕೊಂಡ ದಿನ ನಿಮ್ಮನ್ನೂ ಒಪ್ಪಿಕೊಳ್ಳುತ್ತಾಳೆ ಎಂದು ಚಹಾ ಆರಿಸುತ್ತ ಹೇಳಿದ್ದರು. ಒಪ್ಪುವುದು ಆರೋಗ್ಯ, ಒಪ್ಪದಿರುವುದು ರೋಗ ಎಂಬ ಹಾಗೆ. ವೈಶಾಲಿಗೆ ಆಗ ಅದು ಸರಿಯೆನಿಸಿತ್ತು. ಈಗ, ಜಮಖಂಡಿಯ ಗುಡ್ಡ ಕಾಣುವ ಹೊತ್ತಿಗೆ, ಒಂದು ಬೇರೆಯೇ ಅನುಮಾನ ಸುಳಿಯಿತು. ಪಡಸಾಲೆಯಲ್ಲಿ ಹಿರಿಯರೆದುರು ತಾನು ನುಂಗಿದ 'ಒಲ್ಲೆ' ಎಂಬ ಮಾತನ್ನು ಈ ಹುಡುಗಿ ದಿನವೂ ಬಚ್ಚಲಿಗೆ ಹೋಗಿ ಗಟ್ಟಿಯಾಗಿ ಆಡುತ್ತಿದ್ದಾಳೆ. ಮನೆಯಲ್ಲಿ ಖರೆ ಹೇಳುವವಳು ಅವಳೊಬ್ಬಳೇ. ಅವಳನ್ನು ಕಂಡು ತಾನು ಪಡುತ್ತಿದ್ದುದು ದುಃಖವೋ ಹೊಟ್ಟೆಕಿಚ್ಚೋ?

ಜಮಖಂಡಿಯಲ್ಲಿ ಬಸ್ಸು ಬದಲಿಸಿ ತುಬಚಿಯಲ್ಲಿ ಇಳಿದಾಗ ಹೊಳೆಯ ಕಡೆಯಿಂದ ತಣ್ಣಗಿನ ಗಾಳಿ ಬೀಸುತ್ತಿತ್ತು. ಕೆಳಗೆ ಡ್ಯಾಮು ತುಂಬಿದಾಗಿನಿಂದ ಹಿನ್ನೀರು ಇಳಿಯುವುದು ತಡವಾಗಿ, ಕುರಿ ಮೇಯುತ್ತಿದ್ದ ದಂಡೆಯಲ್ಲೆಲ್ಲ ಈಗ ಕಬ್ಬು. ಅಪ್ಪ ಲಗಮಣ್ಣನ ದೊಡ್ಡ ಹಿಂಡು ಮನೆಯ ಹಿಂದಿನ ಕುರಿದಡ್ಡಿಯಲ್ಲಿ ಹಿಡಿಸುವಷ್ಟಕ್ಕೆ ಇಳಿದಿತ್ತು. ಸೋಮವ್ವ ಬಾಗಿಲಲ್ಲೇ ಮೊಮ್ಮಗಳನ್ನು ಬಾಚಿ ಎತ್ತಿಕೊಂಡು, ಮಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಈ ಸೀರ್‍ಯಾಗ ಥೇಟ್ ರಂಜೀನ ಕಾಣತಿ ನೋಡು" ಎಂದು ಕಣ್ಣೊರೆಸಿಕೊಂಡಳು. ಯಾವಾಗಲೂ ಹೇಳುವ ಮಾತು. ವೈಶಾಲಿ ಎಂಬವಳು ಈ ಮನೆಗೆ ಬಂದು ಎಷ್ಟು ದಿನವಾಯಿತು ಎಂದು ವೈಶಾಲಿಗೇ ನೆನಪಾಗಲಿಲ್ಲ.

ದಡ್ಡಿಯಲ್ಲಿ ಅಪ್ಪ ಕುಕ್ಕರಗಾಲಿನಲ್ಲಿ ಕೂತು ಬೈಯುತ್ತಿದ್ದ. ಮೊನ್ನೆ ಒಂದು ಕುರಿ ಈದು ಮರಿ ಸತ್ತಿತ್ತು. ಅದೇ ದಿನ ಇನ್ನೊಂದು ಕುರಿ ಮರಿ ಹಾಕಿ ತಾನೇ ಸತ್ತಿತ್ತು. ಸತ್ತ ಮರಿಯ ತೊಗಲನ್ನು ಉಳಿದ ಮರಿಗೆ ಹೊದಿಸಿ ಹೊಟ್ಟೆಯ ಕೆಳಗೆ ಸುತಳಿಯಿಂದ ಕಟ್ಟಿದ್ದ. ಕರಿ ಮರಿಯ ಮೇಲೆ ಕಂದು ತೊಗಲು, ಅಂಚು ಒಣಗಿ ಮುದುರಿತ್ತು. ಮರಿ ತನ್ನದಲ್ಲದ ಅಂಗಿಯಲ್ಲಿ ಕಾಲು ತೊಡರಿಸಿಕೊಂಡು ಕುರಿಯ ಹತ್ತಿರ ಹೋಗುವುದು, ಕುರಿ ಅದರ ಹಿಂಭಾಗ ಮೂಸುವುದು, ಮೂಸಿ ಗಂಟಲಲ್ಲಿ ಗುರುಗುಟ್ಟಿ ಮೈ ಸಡಿಲ ಬಿಡುವುದು. ಇನ್ನೇನು ಬಾಯಿ ಹಾಕಬೇಕು, ಅಷ್ಟರಲ್ಲಿ ಮರಿ ಬ್ಯಾ ಎನ್ನುವುದು, ಕುರಿ ಬೆಚ್ಚಿ ಹಾರಿ ತಿರುಗಿ ಡಿಕ್ಕಿ ಹೊಡೆಯುವುದು. ಮತ್ತೆ ಮೂಸುವುದು, ಮತ್ತೆ ಸಡಿಲಾಗುವುದು, ಮತ್ತೆ ಹಾರುವುದು.

"ಇದರ ಹೆಣಾ ಎತ್ತಲಿ, ಎರಡ ದಿನಾತು ಹಿಂಗ ಆಡಾಕತ್ತೈತಿ" ಎಂದ ಲಗಮಣ್ಣ. ಅವನ ಬಲಗೈ ಮುಂಗೈಗೆ ಅರಿವೆ ಸುತ್ತಿತ್ತು. ಹೋದ ವಾರ ಬಿದ್ದು ಉಳುಕಿಸಿಕೊಂಡಿದ್ದ. "ಹಿಡದು ಕುಡಸೂಣಂದ್ರ ಈ ಕೈ ಬ್ಯಾರೆ ಹಿಂಗಾತು. ವಾಸನಿ ಅದರದ ಐತಿ, ಮೂಸತೈತಿ, ಆದ್ರ ಒಪ್ಪವಲ್ದು."

ಶೇವಂತಿ ಬೇಲಿಯ ಗಳ ಹಿಡಿದು ನಿಂತಿದ್ದಳು. ಬಹಳ ಹೊತ್ತು ನೋಡಿ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಅದಕ್ಕ ಗೊತ್ತಾಗೇತಿ."

"ಏನವಾ ಗೊತ್ತಾಗೇತಿ?"

"ವಾಸನಿ ತನ್ನ ಮರೀದು. ದನಿ ಬ್ಯಾರೆದು." ಸ್ವಲ್ಪ ತಡೆದು, "ಅದಕ್ಕ ಅಂಜಿಕಿ ಬರತೈತಿ ಮುತ್ಯಾ" ಎಂದಳು.

ವೈಶಾಲಿಯ ಕೈ ತಾನಾಗಿಯೇ ಸೆರಗಿಗೆ ಹೋಯಿತು. ದನಿ. ಕುರಿ ತನ್ನ ಮರಿಯನ್ನು ದನಿಯಿಂದಲೂ ಗುರುತಿಸುತ್ತದೆ ಎಂದು ಪುಸ್ತಕದಲ್ಲಿ ವಾಸನೆಯ ಅಧ್ಯಾಯದ ಮರುಪುಟದಲ್ಲೇ ಇತ್ತು, ಅವಳು ಅಡಿಗೆರೆ ಎಳೆದು ಓದಿದ್ದಳು. ಪರೀಕ್ಷಕರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಮುಂಜಾನೆ ಕತ್ತಲಲ್ಲೇ ಎದ್ದು, ಮಿಂದು, ಮಗುವಿನ ಹಾಸಿಗೆಯ ಹತ್ತಿರ ಬಗ್ಗಿ "ಶೇವಂತಿ, ಏಳವಾ" ಎಂದು ಕರೆದಾಗ ಆ ಮಗು ಮೊದಲು ನಗುತ್ತಿತ್ತು. ಕಣ್ಣು ತೆರೆಯದೆಯೇ, ಕೈ ಮುಂದೆ ಚಾಚಿ, ತುಟಿ ಅರಳಿಸಿ. ಆಮೇಲೆ ಕಣ್ಣು ತೆರೆಯುತ್ತಿತ್ತು. ಆ ನಗು ಆರಿಹೋಗುವುದನ್ನು ವೈಶಾಲಿ ಎಷ್ಟೋ ಮುಂಜಾವು ನೋಡಿದ್ದಳು. ನೋಡಿ, ವಾಸನೆ ಇನ್ನೂ ಸಾಲದೇನೋ ಎಂದು ಮರುದಿನ ಇನ್ನಷ್ಟು ಸಾಬೂನು ತಿಕ್ಕಿಕೊಂಡಿದ್ದಳು. ಇಲ್ಲಿ ತೊಗಲು ಹೊದ್ದು ನಿಂತವಳು ತಾನು; ಮೂಸಿ, ನಂಬಿ, ಬೆಚ್ಚಿಬೀಳುತ್ತಿದ್ದವಳು ಆ ಹುಡುಗಿ. ಸತ್ತ ತಾಯಿಯನ್ನು ದಿನವೂ ಒಮ್ಮೆ ತಂದು, ದಿನವೂ ಒಮ್ಮೆ ಕಸಿದುಕೊಂಡಂತಾಗಿತ್ತು. ಮಗು ತನ್ನನ್ನು ಒಲ್ಲೆನ್ನುತ್ತಿದೆ ಎಂದು ಅವಳು ತಿಳಿದಿದ್ದಳು. ಮಗುವಿಗೆ ಒಲ್ಲೆನ್ನಲಿಕ್ಕಾದರೂ ತಾನು ಎಲ್ಲಿ ಸಿಕ್ಕಿದ್ದಳು?

ಅಷ್ಟರಲ್ಲಿ ಶೇವಂತಿ ಬೇಲಿ ನುಸುಳಿ ಒಳಗೆ ಹೋಗಿದ್ದಳು. ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸುತಳಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. "ಏ ಹುಡುಗಿ, ಬಿಚ್ಚಬ್ಯಾಡ ಲೇ, ಇನ್ನ ಮೂಸೂದೂ ಇಲ್ಲದು" ಎಂದು ಲಗಮಣ್ಣ ಕೂಗುವ ಹೊತ್ತಿಗೆ ತೊಗಲು ಜಾರಿ ನೆಲಕ್ಕೆ ಬಿತ್ತು. ಕರಿ ಮರಿ ಒಮ್ಮೆಗೇ ಸಣ್ಣದಾಗಿ, ಗಡಗಡ ನಡುಗುತ್ತ ನಿಂತಿತು.

"ಈಗ ಏನ ಮಾಡ್ತಿ? ಹಾಲ ಯಾರ ಕೊಡ್ತಾರ, ನೀ ಕೊಡ್ತೀ?"

ಹುಡುಗಿ ಮರಿಯನ್ನು ಎದೆಗೊತ್ತಿಕೊಂಡಳು. ವೈಶಾಲಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ದಡ್ಡಿಗೆ ಇಳಿದಳು. ಕಾಲೇಜಿಗೆ ಹೋದ ಮೇಲೆ ಕುರಿ ಮುಟ್ಟಿರಲಿಲ್ಲ, ಆದರೆ ಕೈ ಮರೆತಿರಲಿಲ್ಲ. ಕುರಿಯನ್ನು ಮೂಲೆಗೊತ್ತಿ, ಕೊರಳನ್ನು ಮೊಣಕಾಲುಗಳ ನಡುವೆ ಅವುಚಿ, ಬಗ್ಗಿ ಹಿಂಗಾಲನ್ನು ಬಿಗಿಯಾಗಿ ಹಿಡಿದಳು. ಕುರಿ ಒದ್ದಿತು. ಇಳಕಲ್ ಸೀರೆಯ ನೆರಿಗೆ ಚರ್ರೆಂದು ಹರಿಯಿತು. ಹಿಕ್ಕೆ, ಗಂಜಲ, ಮಣ್ಣು ಎಲ್ಲ ಮೈಗೆ ಬಡಿಯಿತು. ಕೊರಳಿನ ಬಿಲ್ಲೆ ಕುರಿಯ ಬೆನ್ನ ಮೇಲೆ ಓಲಾಡುತ್ತ ಅಡ್ಡ ಬರುತ್ತಿತ್ತು, ಅದನ್ನು ಹಲ್ಲಿನಿಂದ ಹಿಡಿದು ಬೆನ್ನಿಗೆ ಎಸೆದುಕೊಂಡಳು. "ತಾ, ಬಾಯಿಗೆ ಹಚ್ಚು" ಎಂದಳು. ಅದು ಟೀಚರಿನ ದನಿಯಲ್ಲ, ರಂಜನಾಳ ಮೆತ್ತಗಿನ ದನಿಯಂತೂ ಅಲ್ಲ. ದಡ್ಡಿಯಲ್ಲಿ ಬೆಳೆದ ಹುಡುಗಿಯ ಒರಟು ದನಿ. ಶೇವಂತಿ ಒಂದು ಗಳಿಗೆ ಅವಳನ್ನೇ ನೋಡಿ, ಮಂಡಿಯೂರಿ, ಮರಿಯ ಬಾಯಿಯನ್ನು ಕೆಚ್ಚಲಿಗೆ ತಂದಳು. ಮರಿಯ ಬಾಲ ಅಲ್ಲಾಡತೊಡಗಿತು. ಕುರಿ ಗೊಣಗುತ್ತಲೇ ಇತ್ತು, ಮರಿ ಕುಡಿಯುತ್ತಲೇ ಇತ್ತು.

"ಒಪ್ಪತೇನ ಮುತ್ಯಾ?" ಎಂದಳು ಶೇವಂತಿ.

"ಒಪ್ಪೂದೇನು, ಇನ್ನಾ ಒದಿಯಾಕತ್ತೈತಲ್ಲ" ಎಂದು ಮುದುಕ ಸಿಟ್ಟಿನಲ್ಲೇ ಬೀಡಿ ಹುಡುಕಿಕೊಂಡು ಎದ್ದು ಹೋದ.

ಹಿತ್ತಲಿನಲ್ಲಿ ಸೋಮವ್ವ ಬಿಸಿನೀರು ಇಟ್ಟು, ಟ್ರಂಕಿನಿಂದ ಹಸಿರು ಸೀರೆಯೊಂದನ್ನು ತಂದಳು. "ರಂಜೀದು ಇದೊಂದು ಇಲ್ಲೇ ಉಳದಿತ್ತು. ಉಟಗೋ."

"ಒಲ್ಲೆ."

"ಯಾಕಬೇ? ಛಲೋ ಐತಿ."

"ಛಲೋ ಐತಿ ಯವ್ವಾ. ಒಲ್ಲೆ. ನನ್ನ ಹಳೇ ಚೂಡಿದಾರ ಇರಬೇಕು ನೋಡು, ಧಾರವಾಡದ್ದು."

ತಾಯಿ ಅವಳ ಮುಖ ನೋಡಿದಳು. ಮುಖ ನೋಡಿಯೇ ಬಹಳ ದಿನವಾಗಿತ್ತೆಂಬಂತೆ ನೋಡಿದಳು. ಆ ಒಂದು ಮಾತು ಬಾಯಿಂದ ಹೊರಟಿದ್ದಕ್ಕೆ ವೈಶಾಲಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಯಾರ ಒಳ್ಳೆಯತನವನ್ನೋ ನೆಲಕ್ಕೆ ಹಾಕಿದ ಹಾಗೆ ಅನ್ನಿಸಿತು. ಸೋಮವ್ವ ಹಸಿರು ಸೀರೆಯನ್ನು ಎದೆಗಿಟ್ಟುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಮಾಸಿದ ನೀಲಿ ಚೂಡಿದಾರವನ್ನು ಬಾಗಿಲ ಮೇಲೆ ಹಾಕಿ ಹೋದಳು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಶೇವಂತಿ ದಡ್ಡಿಯ ಬಾಗಿಲಲ್ಲಿ ಕೂತಿದ್ದಳು. ಅವಳ ಚೀಲ ಬಿಚ್ಚದೆ ಪಡಸಾಲೆಯಲ್ಲಿ ಬಿದ್ದಿತ್ತು. ವೈಶಾಲಿ ಅವಳ ಪಕ್ಕದಲ್ಲಿ, ಅವಳಷ್ಟೇ ತಗ್ಗಾಗಿ ಕೂತು, ಹಿಂದೆ ಯಾರೂ ತನ್ನನ್ನು ಕೇಳದ ರೀತಿಯಲ್ಲಿ, ಉತ್ತರ ಏನು ಬಂದರೂ ತೆಗೆದುಕೊಳ್ಳಬೇಕೆಂದು ಮೊದಲೇ ನಿಶ್ಚಯ ಮಾಡಿಕೊಂಡು ಕೇಳಿದಳು. "ಆಯಿ ಹಂತ್ಯಾಕ ಇರತೀಯೋ, ಮುಧೋಳಕ್ಕ ಬರತೀಯೋ? ನೀ ಹೇಳಿದಂಗ."

"ಈ ಮರಿ ಕುಡಿಯೂತನ ಇಲ್ಲೇ ಇರತೀನಿ."

"ಆಮ್ಯಾಲೆ?"

"ಆಮ್ಯಾಲೆ ಸಾಲಿಗಿ ಹೋಗಬೇಕಲ್ಲ." ಅದೇನು ಪ್ರಶ್ನೆ ಎಂಬ ಹಾಗೆ ಹೇಳಿ, ತಡೆದು, "ನೀ ಈಗ ಹೋಗತಿ?" ಎಂದಳು.

"ನೀ ಹೋಗಂದ್ರ ಹೋಗತೀನಿ."

"ಮತ್ತ ಕುರಿ ಯಾರ ಹಿಡೀಬೇಕು? ಮುತ್ಯಾನ ಕೈ ಹಂಗಾಗೇತಿ."

ವೈಶಾಲಿ ಎದ್ದು ಅಂಗಳದ ಬೇವಿನ ಮರದ ಹತ್ತಿರ ಹೋಗಿ ದುಂಡೇಶನಿಗೆ ಫೋನು ಹಚ್ಚಿದಳು. ಕಾಟಾದ ಹತ್ತಿರ ಟ್ರ್ಯಾಕ್ಟರುಗಳ ಗದ್ದಲ. ಒಂದೆರಡು ದಿನ ರಜೆ ಹಾಕುವುದಾಗಿ, ಶೇವಂತಿಯನ್ನು ಬಿಟ್ಟು ಬರದೆ ಕರೆದುಕೊಂಡೇ ಬರುವುದಾಗಿ ಹೇಳಿದಳು.

"ಅಕಿ ಒಪ್ಪಿದ್ಲೇನು?" ಅವನ ದನಿ ಗದ್ದಲದ ನಡುವೆ ಹಿಗ್ಗಿತು.

"ಇಲ್ಲ."

"ಮತ್ತ?"

"ಒಪ್ಪಿಲ್ರೀ. ಬರತಾಳ."

ಅವನಿಗೆ ಅರ್ಥವಾಗಲಿಲ್ಲವೆಂದು ಉಸಿರಿನಲ್ಲೇ ಗೊತ್ತಾಯಿತು. ಇನ್ನೊಮ್ಮೆ ಹೇಳುತ್ತೇನೆ ಎಂದು ಫೋನಿಟ್ಟಳು.

ಬಾಯಿ ಆರಿತ್ತು. ದಡ್ಡಿಯ ಪಕ್ಕದ ಕಲ್ಲಿನ ಮೇಲೆ ಕೊಡವಿತ್ತು, ಅದರ ಮೇಲೆ ಶೇವಂತಿ ಕುಡಿದಿಟ್ಟ ಲೋಟ. ಹುಡುಗಿ ನೋಡುತ್ತಿದ್ದಂತೆಯೇ ವೈಶಾಲಿ ಅದನ್ನು ತೆಗೆದುಕೊಂಡು, ಒಳಗೂ ಹೊರಗೂ ಬೆರಳಾಡಿಸಿ ತೊಳೆದು, ನೀರು ತುಂಬಿ ಕುಡಿದಳು. ಅಣಕಿಸಲು ಮಾಡಿದ್ದೋ, ಕೈ ತಾನಾಗಿ ಕಲಿತದ್ದೋ, ಅವಳಿಗೂ ತಿಳಿಯಲಿಲ್ಲ.

"ನೀ ಯಾಕ ತೊಳದಿ?" ಶೇವಂತಿಯ ಹುಬ್ಬು ಗಂಟಾಯಿತು.

"ನೀ ದಿನಾ ಯಾಕ ತೊಳೀತಿ?"

ಹುಡುಗಿ ಕಾಲಬೆರಳಿನಿಂದ ಮಣ್ಣು ಕೆದರಿದಳು. "ಅವ್ವನ ಸಾಬೂನ ವಾಸನಿ ಬರತಿತ್ತು ಲೋಟಕ್ಕ. ನಿನ್ನ ಕೈದು."

"ಅದನ್ನ ಇನ್ನ ಹಚ್ಚಂಗಿಲ್ಲ."

"ಉಳದಿದ್ದು ನನಗ ಕೊಡು. ನಾ ಇಟಗೋತೀನಿ."

"ಕೊಡತೀನಿ."

"ನಿನಗ ಅವ್ವ ಅನ್ನಂಗಿಲ್ಲ ನಾ."

"ಅನಬ್ಯಾಡ."

ಶೇವಂತಿ ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಪರೀಕ್ಷೆ ಮಾಡುವವಳಂತೆ ಅಂಗೈ ಮೂಗಿಗೆ ತಂದುಕೊಂಡಳು. ಇಷ್ಟು ದಿನದಲ್ಲಿ ತಾನಾಗಿ ಮುಟ್ಟಿದ್ದು ಇದೇ ಮೊದಲು. ವೈಶಾಲಿ ಕೈ ಹಿಂದೆಳೆಯದೆ ಕೇಳಿದಳು: "ಈಗ ಏನ ವಾಸನಿ ಬರತೈತಿ?"

"ಕುರಿ ನಾರತಿ" ಎಂದು ಹುಡುಗಿ ಮುಖ ಹಿಂಡಿದಳು. ಆಮೇಲೆ ಲೋಟವನ್ನು ಅವಳ ಕೈಯಿಂದ ಕಿತ್ತುಕೊಂಡು, ಯಾವಾಗಲೂ ಮಾಡುವ ಹಾಗೆ ತೊಳೆಯಲಿಕ್ಕೆ ಹೋಗಿ, ಈ ಸಲ ನೀರಿಗೆ ಅವಳ ಮುಂದೆ ಹಿಡಿದಳು. ವೈಶಾಲಿ ಕೊಡ ಬಾಗಿಸಿ ನೀರು ಹಾಕಿದಳು.